ಜೋಡಿ ಬಿಡದ ಬ್ರೂಸ್‌ಪೇಟೆಯ ಮಕ್ಕಳು

ಬಳ್ಳಾರಿಗೆ ಬಂದಿಳಿದ ದಿನ ಸಂಜೆ ಮನೆಯೊಡತಿ ನರಸಮ್ಮ ನನ್ನ ಹಾಸಿಗೆಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಏಣಿ ಹತ್ತತೊಡಗಿದರು. ಬಾಡಿಗೆ ಕೊಟ್ಟ ದಿನವೇ ನನ್ನನ್ನು ಹೊರಹಾಕುತ್ತಿದ್ದಾರೆ ಎಂದು ತಿಳಿದು ನಾನು ಕಂಗಾಲಾದೆ. "ಪೈಕಿ ರಾಮ್ಮಾ" ಎಂದರು, ಮೇಲೆ ಬಾ ಎಂದು ತೆಲುಗಿನಲ್ಲಿ. ಹತ್ತಿ ನೋಡಿದರೆ ಓಣಿಗೆ ಓಣಿಯೇ ಮನೆಗಳ ಮೇಲೆ ಹಾಸಿಗೆ ಬಿಚ್ಚುತ್ತಿತ್ತು. ನಮ್ಮ ಕರಾವಳಿಯಲ್ಲಿ ಮನೆಯ ಮಾಡು ಹತ್ತುವುದು ಹಂಚು ಬದಲಿಸುವವನು ಮತ್ತು ಬೆಕ್ಕು ಮಾತ್ರ. ಇಲ್ಲಿ ಮಾಡೇ ಇಲ್ಲ. ಮಣ್ಣು ಬಡಿದು ಸಮ ಮಾಡಿದ ಮಾಳಿಗೆ. ಬೇಸಿಗೆ ಬಂತೆಂದರೆ ಸಂಸಾರವೆಲ್ಲ ಅದರ ಮೇಲೆಯೇ. ಪಕ್ಕದ ಮಾಳಿಗೆಯ ಅಜ್ಜಿ ಅಲ್ಲಿಂದಲೇ ನನ್ನ ಊರು, ಕುಲ, ಇಪ್ಪತ್ತಮೂರಾದರೂ ಮದುವೆಯಾಗದ ಕಾರಣ ಎಲ್ಲವನ್ನೂ ವಿಚಾರಿಸಿದಳು. ಉತ್ತರ ಕೇಳಲು ಸುತ್ತಲ ಮನೆಯವರೂ ಮಾತು ನಿಲ್ಲಿಸಿದರು.

ದಕ್ಷಿಣ ಕನ್ನಡವೂ ಬಳ್ಳಾರಿಯೂ ಒಂದೇ ಮದ್ರಾಸು ಸರಕಾರದ ಜಿಲ್ಲೆಗಳಾದ್ದರಿಂದ ನನ್ನನ್ನು ಇಲ್ಲಿಯ ಹೆಣ್ಣುಮಕ್ಕಳ ಶಾಲೆಗೆ ಹಾಕಿದ್ದರು. ಊರಿನಲ್ಲಿ ಈ ಕಾಗದ ಓದುವ ನೀವೆಲ್ಲ ನನ್ನನ್ನು ಕಾಲಾಪಾನಿಗೆ ಕಳಿಸುವವರಂತೆ ಅತ್ತು ಬೀಳ್ಕೊಟ್ಟಿರಿ. ನಿಜ ಹೇಳುತ್ತೇನೆ, ಮೊದಲ ತಿಂಗಳು ಹಾಗೆಯೇ ಇತ್ತು. ಊರ ನಡುವೆ ಬರೀ ಬಂಡೆಯ ಗುಡ್ಡ, ಒಂದು ಹಸಿರು ಎಲೆ ಇಲ್ಲ. ಕುಚ್ಚಲಕ್ಕಿ ಕೇಳಿದರೆ ಅಂಗಡಿಯವನು ನನ್ನ ಮುಖವನ್ನೇ ನೋಡಿದ. ನಮ್ಮಲ್ಲಿ ಬಾವಿಗೆ ಕೊಡಪಾನ ಇಳಿಸಿದರೆ ಕೈಗೆ ಸಿಗುವ ನೀರಿಗೆ ಇಲ್ಲಿ ಸರದಿ ನಿಲ್ಲಬೇಕು, ಜಗಳವನ್ನೂ ಕಲಿಯಬೇಕು. ಕಲಿತೆ. ಜೋಳದ ರೊಟ್ಟಿ ತಟ್ಟುವುದು ಮಾತ್ರ ಇನ್ನೂ ಬಂದಿಲ್ಲ. ನನ್ನ ರೊಟ್ಟಿ ನೋಡಿ ನರಸಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ.

ಮಾತಿನ ಪಾಡು ಬೇರೆಯೇ. ನಾವು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡಿ ಬೆಳೆದವರು. ನನ್ನ ಕನ್ನಡ ಇಲ್ಲಿಯ ಹುಡುಗಿಯರಿಗೆ ಪಾಠ ಒಪ್ಪಿಸಿದಂತೆ ಕೇಳುತ್ತಿತ್ತು. ಇವರೋ ಮನೆಗೆ ಮನಿ ಎನ್ನುತ್ತಾರೆ, ಟೀಚರಿಗೆ ಅಕ್ಕೋರು ಎನ್ನುತ್ತಾರೆ, ಕನ್ನಡದಲ್ಲಿ ತೊಡಗಿದ ಮಾತನ್ನು ತೆಲುಗಿನಲ್ಲಿ ಮುಗಿಸುತ್ತಾರೆ, ನಡುವೆ ಉರ್ದುವಿನ ಒಂದು ಬೈಗುಳವೂ ಇರುತ್ತದೆ. ಯಾವುದು ಯಾವ ಭಾಷೆ ಎಂದು ಅವರು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಚಂದ್ರಮ್ಮ ನನ್ನ ಬಳಿ ಬಂದದ್ದು ಎರಡನೆಯ ವರ್ಷ. ಕುರುಗೋಡು ಕಡೆಯ ಬಾದನಹಟ್ಟಿಯ ರೈತರ ಮಗಳು, ವಯಸ್ಸು ಹದಿನೇಳು. ಬ್ರೂಸ್‌ಪೇಟೆಯಲ್ಲಿ ಹತ್ತಿ ವ್ಯಾಪಾರದ ಸೋದರಮಾವ ವೀರಭದ್ರಪ್ಪನವರ ಮನೆಯಲ್ಲಿದ್ದು ಹೈಸ್ಕೂಲು ಓದುತ್ತಿದ್ದಳು. ಅವಳೂ ತೆಲುಗು ಮನೆಮಾತಿನ ಕಾಲೇಜು ಹುಡುಗ ರಾಮುಲುವೂ ಸೇರಿ ಪೇಟೆಯ ಮಕ್ಕಳಿಗಾಗಿ ಒಂದು ದಳ ಕಟ್ಟಿದ್ದರು. ಪ್ರತಿ ಭಾನುವಾರ ಮಾವನ ಗೋದಾಮಿನ ಪಕ್ಕದ ಬಯಲಿನಲ್ಲಿ ಆಟ, ಕವಾಯತು, ಕೋಲಾಟ, ಗಾಯಕ್ಕೆ ಪಟ್ಟಿ ಕಟ್ಟುವುದು. ಬೇಸಿಗೆಯಲ್ಲಿ ಬಸ್ಸು ನಿಲ್ಲುವಲ್ಲಿ ಅರವಟಿಗೆ ಇಟ್ಟು ದಾರಿಹೋಕರಿಗೆ ನೀರು ಕೊಡುವುದು. ಯಾರೂ ಅವರನ್ನು ನೇಮಿಸಿರಲಿಲ್ಲ, ಯಾರೂ ಸಂಬಳ ಕೊಡುತ್ತಿರಲಿಲ್ಲ. ಸಿರುಗುಪ್ಪಕ್ಕೆ ಮಕ್ಕಳನ್ನು ಕರೆದೊಯ್ದು ಹೊಳೆ ತೋರಿಸಬೇಕು, ಟೀಚರೊಬ್ಬರು ಜೊತೆಗಿಲ್ಲದೆ ಹೆಣ್ಣುಮಕ್ಕಳನ್ನು ಯಾರೂ ಕಳಿಸುವುದಿಲ್ಲ ಎಂದಳು. ಅಂದರೆ ನನ್ನ ಕೆಲಸ ದೊಡ್ಡವಳಂತೆ ಕಾಣುವುದು ಮಾತ್ರ. ಬೇರೆ ಕೆಲಸ ಏನೆಂದು ಕೇಳಿದ್ದಕ್ಕೆ, "ಏನೂ ಇಲ್ರಿ, ಛತ್ರಿ ಹಿಡ್ಕೊಂಡು ನಿಂತ್ರ ಸಾಕು" ಎಂದಳು.

ಛತ್ರಿ ಹಿಡಿದು ನಿಂತೆ. ತುಂಗಭದ್ರೆಯನ್ನು ಕಂಡ ಮಕ್ಕಳು ಮಾತೇ ಮರೆತರು. ಅಷ್ಟು ನೀರನ್ನು ಅವರು ಒಟ್ಟಿಗೆ ಕಂಡಿರಲಿಲ್ಲ. ಸಮುದ್ರದ ದಂಡೆಯಲ್ಲಿ ಹುಟ್ಟಿದ ನನಗೆ ಮೊದಲು ನಗು ಬಂತು, ಆಮೇಲೆ ಛತ್ರಿ ಮಡಚಿ ನಾನೂ ಅವರ ಸಾಲಿನಲ್ಲಿ ನಿಂತು ನೋಡಿದೆ.

ಅಲ್ಲಿ ಆ ದಳದ ಕ್ರಮವನ್ನು ನೋಡಿದೆ. ದೊಡ್ಡ ಮಗುವಿಗೊಂದು ಚಿಕ್ಕ ಮಗು ಜೋಡಿ. ಚಂದ್ರಮ್ಮನ ಸೀಟಿ ಕೇಳುವವರೆಗೆ ಜೋಡಿಯ ಕೈ ಬಿಡುವಂತಿಲ್ಲ. ಬುತ್ತಿಯನ್ನೂ ಹಂಚಿಕೊಂಡೇ ತಿನ್ನಬೇಕು. ಒಬ್ಬ ಪುಟ್ಟ ಹುಡುಗ ಪೊದೆಯ ಮರೆಗೆ ಹೋಗಬೇಕಾದಾಗ ಅವನ ಜೋಡಿಯೂ ಹೋಗಿ, ಬೆನ್ನು ತಿರುಗಿಸಿ, ಕೈ ಹಿಡಿದೇ ನಿಂತಿದ್ದ. ಜೋಡಿ ಮಾಡುವಾಗ ಬೇಕೆಂದೇ ದೂರದೂರದ ಓಣಿಯವರನ್ನು, ಬೇರೆಬೇರೆ ಮನೆಮಾತಿನವರನ್ನು ಸೇರಿಸುತ್ತಿದ್ದರು. ಒಂದೇ ಓಣಿಯವರಾದರೆ ಮನೆಯ ಜಗಳವನ್ನೂ ತರುತ್ತಾರೆ ಎಂದು ರಾಮುಲು ಹೇಳಿದ. ನಮ್ಮ ಕಡೆಯ ಶಾಲೆಗಳಲ್ಲಿ ದಂಡ ಹಿಡಿದ ಮಾಸ್ತರರಿಗೆ ಬಾರದ ಶಿಸ್ತು ಈ ಹುಡುಗರಿಗೆ ಒಂದು ಸೀಟಿಯಲ್ಲಿ ಬಂದಿತ್ತು.

ಆಮೇಲೆ ಆ ಗಲಾಟೆ ಎದ್ದಿತು. ಮದ್ರಾಸಿನಿಂದ ಆಂಧ್ರ ಬೇರೆಯಾಗುತ್ತದೆ, ಬಳ್ಳಾರಿ ಅತ್ತ ಹೋಗಬೇಕೋ ಮೈಸೂರಿಗೆ ಸೇರಬೇಕೋ ಎಂಬ ಮಾತು. ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ. ಬಳ್ಳಾರಿ ಕನ್ನಡದ್ದೇ ಎಂದು ನಾನೂ ಸಭೆಗಳಲ್ಲಿ ಕೂತು ಚಪ್ಪಾಳೆ ತಟ್ಟಿದವಳು, ಇವತ್ತೂ ತಟ್ಟುತ್ತೇನೆ. ಆದರೆ ದಿನ ಕಳೆದಂತೆ ಮಾಳಿಗೆಯಿಂದ ಮಾಳಿಗೆಗೆ ಮಾತು ನಿಂತಿತು. ನರಸಮ್ಮನ ಕೈಯ ಉಪ್ಪಿನಕಾಯಿ ಚಪ್ಪರಿಸುತ್ತಿದ್ದ ಪಕ್ಕದ ಅಜ್ಜಿ ಈಗ ಮುಖ ತಿರುಗಿಸಿ ಮಲಗುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು.

ಒಂದು ಭಾನುವಾರ ವೀರಭದ್ರಪ್ಪನವರೇ ಬಯಲಿಗೆ ಬಂದರು. ಕೆಟ್ಟವರಲ್ಲ, ಅರವಟಿಗೆಯ ಮಡಕೆಗಳೆಲ್ಲ ಅವರು ಕೊಡಿಸಿದ್ದೇ. ಬರುವ ವಾರ ಕನ್ನಡದ ಮೆರವಣಿಗೆ ಇದೆ, ಮುಂದೆ ದಳದ ಮಕ್ಕಳು ನಡೆಯಬೇಕು, ತೆಲುಗಿನವರನ್ನು ಇವತ್ತೇ ಬೇರೆ ಮಾಡಿ ಅವರ ಪಾಡಿಗೆ ಬಿಡಿ ಎಂದರು. ಆ ಕಡೆಯವರೂ ಸುಮ್ಮನಿರಲಿಲ್ಲ. ಅವರ ಮೆರವಣಿಗೆಗೆ ತೆಲುಗು ಮಕ್ಕಳನ್ನು ಕರೆತಾ ಎಂದು ರಾಮುಲುವಿನ ಬೆನ್ನು ಹತ್ತಿದ್ದರು. ರಾಮುಲು ಆಗುವುದಿಲ್ಲ ಎಂದು ಹೇಳಿಬಂದು, ಮನೆಯಲ್ಲಿ ಏಟು ತಿಂದಿದ್ದ.

ಯಾರೂ ಅಲುಗಾಡದಿದ್ದಾಗ ವೀರಭದ್ರಪ್ಪನವರು ತಾವೇ ಕೋಲಿನಿಂದ ನೆಲದ ಮೇಲೆ ಗೆರೆ ಎಳೆದು, ಕನ್ನಡದವರು ಈ ಕಡೆ, ತೆಲುಗಿನವರು ಆ ಕಡೆ ನಿಲ್ಲಿ ಎಂದರು. ಮಕ್ಕಳು ಜೋಡಿಯಾಗಿ ನಿಂತಿದ್ದರು. ಹಿರಿಯರ ಮಾತು ಮೀರಲು ಭಯ, ಕೈ ಬಿಡಲು ಅಪ್ಪಣೆ ಇಲ್ಲ. ಕೆಲವರು ಒಂದು ಹೆಜ್ಜೆ ಅತ್ತ ಹೋದರು, ಜೋಡಿಯ ಕೈ ಎಳೆದದ್ದಕ್ಕೆ ಹಿಂದೆ ಬಂದರು. ಒಂದು ಚಿಕ್ಕ ಹುಡುಗಿ, ನಮ್ಮಪ್ಪ ಕನ್ನಡ ಆಡುತ್ತಾನೆ ಅವ್ವ ತೆಲುಗು ಆಡುತ್ತಾಳೆ, ನಾನು ಎಲ್ಲಿ ನಿಲ್ಲಲಿ ಎಂದು ಅಳತೊಡಗಿದಳು. ಎಲ್ಲರೂ ಚಂದ್ರಮ್ಮನ ಕೊರಳಿನ ಸೀಟಿಯನ್ನೇ ನೋಡುತ್ತಿದ್ದರು.

"ಊದವಾ" ಎಂದರು ಮಾವ.

"ಊದಂಗಿಲ್ಲ, ಮಾಮಾ" ಎಂದಳು ಚಂದ್ರಮ್ಮ. "ಈ ಕೈ ನಾನ ಹಿಡಿಸೀನಿ. ಬಿಡು ಅಂತ ನನ್ನ ಬಾಯಿಲೆ ಹೇಳಂಗಿಲ್ಲ."

ಅವರ ಮುಖ ಕಪ್ಪಾಯಿತು. ಬಯಲು ಯಾರದು ಎಂದು ಕೇಳಿದರು. ನಿಮ್ಮದು ಎಂದಳು. ನೀನಿರುವ ಮನೆ ಯಾರದು ಎಂದರು. ಅದೂ ನಿಮ್ಮದೇ ಎಂದಳು. ಮರುದಿನ ಬಯಲಿನ ಗೇಟಿಗೆ ಬೀಗ ಬಿತ್ತು. ದಳ ನಿಲ್ಲದಿದ್ದರೆ ಓದು ಬಿಡಿಸಿ ಬಾದನಹಟ್ಟಿಗೆ ಕಳಿಸುವುದಾಗಿ ಮಾವ ಹೇಳಿದ್ದಾರೆಂದು ಶಾಲೆ ಬಿಟ್ಟ ಮೇಲೆ ಬಂದು ತಿಳಿಸಿದಳು. ನಾನು ಹೆದರಿದೆ. ನಾಲ್ಕು ವಾರ ಸುಮ್ಮನಿರೋಣವೇ ಎಂದೆ. ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿ, ಭಾನುವಾರ ಬೆಳಗ್ಗೆ ಅಂಗಡಿ ತೆರೆಯುವ ಮುಂಚೆ ಬ್ರೂಸ್‌ಪೇಟೆಯ ಬೀದಿ ಖಾಲಿ ಇರುತ್ತದೆ, ಅಲ್ಲಿ ಸೇರುತ್ತೇವೆ ಎಂದಳು. ನನ್ನನ್ನು ಅವಳು ಬರಹೇಳಲಿಲ್ಲ. ನಾನೇ ಹೋದೆ.

ಮಕ್ಕಳು ಬರುತ್ತಾರೋ ಇಲ್ಲವೋ ಎಂದು ಬೀದಿಯ ತುದಿಯನ್ನೇ ನೋಡುತ್ತಿದ್ದೆ. ಬಂದರು. ಎಲ್ಲರೂ ಅಲ್ಲ, ಕೆಲವು ಮನೆಗಳಲ್ಲಿ ಕೂಡಿಹಾಕಿದ್ದರು. ಜೋಡಿ ಬಾರದ ಮಕ್ಕಳಿಗೆ ರಾಮುಲು ಅಲ್ಲೇ ಹೊಸ ಜೋಡಿ ಮಾಡಿದ. ಮುಚ್ಚಿದ ಅಂಗಡಿಗಳ ನಡುವೆ, ಹತ್ತಿಯ ಚೂರು, ಮೆಣಸಿನಕಾಯಿಯ ಘಾಟು, ಬಿಡಾಡಿ ದನ ಎಲ್ಲದರ ಮಧ್ಯೆ ಕವಾಯತು ನಡೆಯಿತು.

ಗದ್ದಲ ಕೇಳಿ ವೀರಭದ್ರಪ್ಪನವರು ಅಂಗಡಿಯ ಜಗಲಿಗೆ ಬಂದು ನಿಂತರು. ಸೋದರಸೊಸೆಯನ್ನು ಬಿಟ್ಟು ನೇರ ನನ್ನ ಕಡೆ ತಿರುಗಿದರು.

"ಅಕ್ಕೋರ, ನೀವು ಪರಸ್ಥಳದೋರು. ಇವತ್ತಿಲ್ಲ ನಾಳಿ ವರ್ಗ ಆದ್ರ ನಿಮ್ಮೂರು ಸೇರ್ತೀರಿ. ಇಲ್ಲಿ ಬಾಳೋರು ನಾವು. ನೀವು ಹ್ವಾದಮ್ಯಾಲ ಈ ಹುಡುಗ್ರಿಗೆ ಯಾರ ಗತಿ?"

ವರ್ಗದ ಅರ್ಜಿಯನ್ನು ನಾನು ಬಂದ ವರ್ಷವೇ ಹಾಕಿದ್ದೆ, ಅದನ್ನು ಹಿಂದಕ್ಕೆ ಪಡೆದಿರಲೂ ಇಲ್ಲ. ನಮ್ಮ ಅಕ್ಕೋರು ಎಲ್ಲಿಗೂ ಹೋಗುವುದಿಲ್ಲ ಎಂದು ಯಾರಾದರೂ ಅನ್ನಲಿ ಎಂದು ಆಸೆಯಿಂದ ಕಾದೆ.

"ಅಕ್ಕೋರು ಹ್ವಾದ್ರ ಹೋಗ್ಲಿ, ಮಾಮಾ" ಎಂದಳು ಚಂದ್ರಮ್ಮ, ನನ್ನ ಕಡೆ ತಿರುಗಿಯೂ ನೋಡದೆ. "ಅವ್ರನ್ನ ನೆಚ್ಚಿ ನಾವು ಶುರು ಮಾಡಿಲ್ಲ. ನನ್ನ ಊರಿಗೆ ಕಳಿಸಿದ್ರ ರಾಮುಲು ಅದಾನ. ಅವನ್ನ ಹೊಡದು ಕುಂದ್ರಿಸಿದ್ರ ಇಲ್ಲಿ ನಿಂತೋರಾಗ ದೊಡ್ಡೋರು ಯಾರರ ಸೀಟಿ ಹಿಡಿತಾರ."

ಅವರು ಒಳಗೆ ಹೋದರು. ಊರಿಗೆ ಕಳಿಸುವ ಮಾತನ್ನು ಮತ್ತೆ ಎತ್ತಿಲ್ಲ. ಬಯಲಿನ ಬೀಗವನ್ನೂ ತೆಗೆದಿಲ್ಲ. ದಳ ಈಗಲೂ ಬೀದಿಯಲ್ಲೇ ಸೇರುತ್ತದೆ, ಯಾವ ಮೆರವಣಿಗೆಗೂ ಹೋಗುವುದಿಲ್ಲ.

ಊರಿಗೆ ಯಾವಾಗ ಬರುತ್ತೀ ಎಂದು ನೀವು ಪ್ರತಿ ಕಾಗದದಲ್ಲೂ ಕೇಳುತ್ತೀರಿ. ವರ್ಗದ ಆಜ್ಞೆ ಮೊನ್ನೆ ಬಂದಿದೆ. ಸಮುದ್ರದ ಸದ್ದು ಬೇಕು, ಅಮ್ಮನ ಗಂಜಿ ಬೇಕು, ತುಳುವಿನಲ್ಲಿ ಯಾರನ್ನಾದರೂ ಬಾಯ್ತುಂಬ ಬಯ್ಯಬೇಕು ಎಂದು ನನಗೂ ಅನಿಸುತ್ತದೆ. ನಾನಿಲ್ಲದಿದ್ದರೆ ಈ ಮಕ್ಕಳ ಪಾಡೇನು ಎಂಬ ನೆಪವೂ ಈಗ ಉಳಿದಿಲ್ಲ. ಅದನ್ನು ಚಂದ್ರಮ್ಮ ಪೇಟೆಯ ಮಧ್ಯೆ ಎಲ್ಲರೆದುರು ಕಿತ್ತುಕೊಂಡಳು. ಆ ಬೀದಿಯಲ್ಲಿ ನಾನು ಯಾರಿಗೂ ಬೇಕಾಗಿಲ್ಲ, ಆದರೂ ಅದನ್ನು ಬಿಟ್ಟು ಹೊರಡಲು ನನ್ನಿಂದ ಆಗುತ್ತಿಲ್ಲ.