ಟವೆಲಿನ ಕೆಳಗಿನ ಕೈ

ದೆವ್ವ, ಗಾಳಿ, ಸತ್ತವರ ಸುಳಿವು ಇಂಥವನ್ನೆಲ್ಲ ನಾನು ನಂಬಿದವನಲ್ಲ. ಬ್ಯಾಡಗಿಯ ಒಂದು ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ವಿಜ್ಞಾನ ಕಲಿಸಿದವನು ನಾನು. ಹುಡುಗರು ಯಾರಾದರೂ ಹುಣಸೆಮರದ ಕಥೆ ತೆಗೆದರೆ, "ಮರ ರಾತ್ರಿ ಉಸಿರಾಡ್ತೈತ್ರೋ, ದೆವ್ವ ಅಲ್ಲ" ಎಂದು ನಗಿಸಿ ಪಾಠಕ್ಕೆ ಎಳೆದು ತರುತ್ತಿದ್ದೆ. ಅದೂ ಅಲ್ಲದೆ ಇಂಥ ಕಥೆಗಳೆಲ್ಲ ಅಮಾವಾಸ್ಯೆಯ ರಾತ್ರಿ, ದೀಪ ಆರಿದ ಮೇಲೆಯೇ ನಡೆಯುತ್ತವೆ. ನನಗಾದದ್ದು ಹಾಡಹಗಲು, ರವಿವಾರ ಮಧ್ಯಾಹ್ನ ಮೂರು ಗಂಟೆಗೆ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು, ಮುಂದೆ ಚಹಾ ಇತ್ತು. ಅದಕ್ಕೇ ಅದನ್ನು ತಳ್ಳಿಹಾಕಲು ನನಗೆ ಒಂದು ನೆಪವೂ ಸಿಕ್ಕಿಲ್ಲ.

ಇದು ನನ್ನ ಗೆಳೆಯ ಈರಣ್ಣನ ವಿಷಯ. ನನ್ನ ಓರಗೆಯವನು. ಮೆಣಸಿನಕಾಯಿ ಪೇಟೆಯಲ್ಲಿ ಒಬ್ಬ ವ್ಯಾಪಾರಿಯ ಹತ್ತಿರ ಮಾಲು ನೋಡುವ ಕೆಲಸ ಮಾಡುತ್ತಿದ್ದ. ಚೀಲದೊಳಗೆ ಕೈ ಹಾಕಿ ಒಂದು ಕಾಯಿ ತೆಗೆದು, ಹೆಬ್ಬೆರಳಿನಿಂದ ಮುರಿದು, ಬೀಜ ನೋಡಿ, ಇದು ಎಂಥ ಮಾಲು, ಯಾವ ಸೀಮೆಯದು ಎಂದು ಹೇಳಿಬಿಡುತ್ತಿದ್ದ. ಹೀಗೆ ಮುರಿದು ಮುರಿದು ಅವನ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಕೈಕುಲುಕಿದರೆ ನಮಗೆ ಚುಚ್ಚುತ್ತಿತ್ತು.

ಅವನಿಗೆ ಒಂದು ಆಟದ ಹುಚ್ಚು ಹತ್ತಿಸಿದವನು ನಾನೇ. ಒಮ್ಮೆ ಧಾರವಾಡದ ಹಳೆಯ ಪುಸ್ತಕದ ರಾಶಿಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಅದು ವಿಚಿತ್ರ ಆಟ, ಮಣೆಯಿಲ್ಲ, ಇಸ್ಪೀಟಿಲ್ಲ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಆ ಕಥೆಯೊಳಗೆ ಸಿಪಾಯಿಯೋ ಮಂತ್ರವಾದಿಯೋ ಕಳ್ಳರೋ ಆಗುತ್ತಾರೆ. ಮುಂದೇನು ಮಾಡುತ್ತೇವೆಂದು ಅವರವರೇ ಹೇಳಬೇಕು, ಆದೀತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ರವಿವಾರಕ್ಕೊಮ್ಮೆ ಈರಣ್ಣನ ಮನೆಯ ಪಡಸಾಲೆಯಲ್ಲಿ ಜಮಖಾನ ಹಾಸಿ ಕೂಡುತ್ತಿದ್ದೆವು. ನಾಲ್ಕೇ ಜನ. ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಮಾಡುವ ಮಕ್ಬೂಲ ಯಾವಾಗಲೂ ಮಂತ್ರವಾದಿ, ಶತ್ರುಗಳನ್ನು ಹೆಪ್ಪುಗಟ್ಟಿಸುವುದೇ ಅವನ ಕೆಲಸ. ಈರಣ್ಣನ ಹೆಂಡತಿ ರೇಣುಕಾ ಕಳ್ಳಿ, ಅದೂ ಬಲು ಹುಷಾರು ಕಳ್ಳಿ. ನಾನು ಸಿಪಾಯಿ. ಜೀವದ ಮೇಲೆ ಆಸೆಯಿದ್ದ ಸಿಪಾಯಿ, ಯಾವ ಕಾಳಗದಲ್ಲೂ ಹಿಂದಿನ ಸಾಲಿನಲ್ಲೇ ಇರುತ್ತಿದ್ದೆ. ಕಥೆ ಹೇಳುವವನು ಈರಣ್ಣ.

ಆ ಪುಸ್ತಕದ ಕಥೆಯ ತುಂಬ ಹಿಮ. ಈರಣ್ಣನಿಗೆ ಅದು ಒಗ್ಗಲಿಲ್ಲ. "ಈ ಹಿಮಾ ಗಿಮಾ ನಮಗ್ಯಾಕಲೇ ಮಾಸ್ತರ? ಇಲ್ಲಿಂದ ಮೋಟೆಬೆನ್ನೂರ ಮುಟ್ಟೂದ್ರಾಗ ಬೆವರಿಳೀತೈತಿ. ನಾನ ಒಂದು ಬರೀತೀನಿ ತಗಿ" ಎಂದ. ಬರೆದೇಬಿಟ್ಟ. ಅದರ ಹೆಸರು 'ಘಾಟಿನ ಕೋಟೆ'. ಗುಡ್ಡದ ಮೇಲೊಂದು ಕೋಟೆ, ಅದರ ಸುತ್ತ ಕಣ್ಣು ಬಿಡಲಾಗದಂಥ ಮೆಣಸಿನ ಘಾಟು. ಅದನ್ನು ದಾಟಿ ಒಳಗೆ ಹೋಗಬೇಕು. ಪೇಟೆಯಲ್ಲಿ ಮಾಲು ಬರುವ ಕಾಲಕ್ಕೆ ಒಮ್ಮೆ ನಿಂತವರಿಗೆ ಆ ಕೋಟೆ ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ.

ಅವನು ಸೇರಿಸಿದ ಇನ್ನೊಂದು ಪದ್ಧತಿಯನ್ನು ಹೇಳಬೇಕು. ಅವನ ಅಪ್ಪ ಹಾವೇರಿಯ ದನದ ಸಂತೆಯಲ್ಲಿ ದಲಾಲಿ ಮಾಡಿದವನು. ಅಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊಡುವವನ ಕೈ, ಕೊಳ್ಳುವವನ ಕೈ ಎರಡರ ಮೇಲೂ ಟವೆಲ್ ಹಾಕಿ, ಕೆಳಗೆ ಬೆರಳು ಹಿಡಿದು ಮಾತಾಡುತ್ತಿದ್ದರು. ಈರಣ್ಣ ಅದನ್ನು ನಮ್ಮ ಆಟಕ್ಕೆ ತಂದ. ಗುಟ್ಟಾಗಿ ಏನಾದರೂ ತೀರ್ಮಾನ ಮಾಡಬೇಕಾದಾಗ ಕಥೆ ಹೇಳುವವನ ಕೈಯೂ ಆಡುವವನ ಕೈಯೂ ಟವೆಲಿನ ಕೆಳಗೆ ಹೋಗಬೇಕು. ಅವನ ಒಂದು ಬೆರಳು ಹಿಡಿದರೆ ಒಂದು ದಾರಿ, ಎರಡು ಹಿಡಿದರೆ ಇನ್ನೊಂದು. ತೀರ್ಮಾನವಾಯಿತು ಎಂಬುದಕ್ಕೆ ಅವನು ಹೆಬ್ಬೆರಳಿನಿಂದ ನಮ್ಮ ಗಿಣ್ಣಿನ ಮೇಲೆ ಎರಡು ಸಲ ಒತ್ತುತ್ತಿದ್ದ. ಆಮೇಲೆ ಟವೆಲನ್ನು ಝಾಡಿಸಲೇಬೇಕು.

"ಝಾಡಸಲಿಲ್ಲಂದ್ರ ವ್ಯಾಪಾರ ಮುಗದಂಗ ಅಲ್ಲ" ಎನ್ನುತ್ತಿದ್ದ. "ಹಂಗ ಮಡಚಿ ಇಟ್ರ, ಕೈ ಇನ್ನೂ ಅದರಾಗ ಐತಿ ಅಂತ ನಮ್ಮಪ್ಪ ಹೇಳ್ತಿದ್ದ."

ನಾವು ನಗುತ್ತಿದ್ದೆವು.

ಎರಡು ವರ್ಷದ ಹಿಂದೆ, ಬೇಸಿಗೆಯ ಒಂದು ರವಿವಾರ, ಆಟಕ್ಕೆ ಕೂಡುವ ಮೊದಲು ಈರಣ್ಣ ನನ್ನನ್ನು ಕಟ್ಟೆಗೆ ಕರೆದುಕೊಂಡು ಹೋದ. "ಮಾಸ್ತರ, ಎದಿಯಾಗ ಒಂದ ನಮೂನಿ ಹಿಡದಂಗ ಆಗಾಕತ್ತೈತಿ. ಬುಧವಾರ ಪೇಟಿ ಇಲ್ಲ, ಹುಬ್ಬಳ್ಳಿಗೆ ತೋರಸಾಕ ಹೋಗ್ತೀನಿ. ನೀ ಜೋಡಿ ಬಾ. ರೇಣುಕಾಗ ಹೇಳಬ್ಯಾಡ, ಗಾಬರಿ ಆಗ್ತಾಳ" ಎಂದ.

"ಬುಧವಾರ ಪೇಪರ್ ತಿದ್ದೂದೈತೋ, ಸಾಲ್ಯಾಗ ಬಿಡೂದಿಲ್ಲ" ಎಂದೆ.

ಅವನು ಒಂದು ಗಳಿಗೆ ನನ್ನ ಮುಖ ನೋಡಿ, "ಹೋಗ್ಲಿ ಬಿಡು" ಎಂದು ಒಳಗೆ ಬಂದ. ಆಟ ಶುರುವಾಯಿತು. ಅಂದು ಸಿಪಾಯಿಯ ಸರದಿ ಬಂದಾಗ ಕಥೆ ಹೀಗೆ ತಿರುಗಿತು: ಗುಡ್ಡದ ಬುಡದಲ್ಲಿ ಸಿಪಾಯಿಯ ಜೊತೆಗಾರ ಗಾಯವಾಗಿ ಬಿದ್ದಿದ್ದಾನೆ, ಘಾಟು ಏರಿ ಬರುತ್ತಿದೆ, ಈಗ ಹೊರಟರೆ ಮಾತ್ರ ಕೋಟೆಯ ಬಾಗಿಲು ಸಿಗುತ್ತದೆ. ಈರಣ್ಣ ನಮ್ಮಿಬ್ಬರ ಕೈಮೇಲೆ ಟವೆಲ್ ಹಾಕಿದ. "ಬಿಟ್ಟು ಹೋಗೂದಾದ್ರ ಒಂದು ಬೆರಳು. ಕೂಡ ನಿಲ್ಲೂದಾದ್ರ ಎರಡು. ಹೇಳು ಮಾಸ್ತರ."

ನನಗೆ ಬೇಕೆಂದೇ ಚುಚ್ಚುತ್ತಿದ್ದಾನೆ ಎನ್ನಿಸಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು ನನ್ನ ಪಾಡು. "ಆಟದಾಗ ಇಂಥಾವೆಲ್ಲ ತರಬ್ಯಾಡ" ಎಂದು ಕೈ ಕಿತ್ತುಕೊಂಡು ಎದ್ದೆ, ಚಪ್ಪಲಿ ಮೆಟ್ಟಿದೆ. ಅವನಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಟವೆಲನ್ನು ಝಾಡಿಸದೆ ಹಾಗೆಯೇ ಮಡಚುತ್ತ, "ವ್ಯಾಪಾರ ನಿಂತೈತಿ ನೋಡು. ಮುಂದಿನ ರವಿವಾರ ಮುಗಸೂನು" ಎಂದು ನಕ್ಕ.

ಅವನಿಗೆ ಮುಂದಿನ ರವಿವಾರ ಬರಲಿಲ್ಲ. ಬುಧವಾರ ಮುಂಜಾನೆಯ ರೈಲಿಗೆ ಒಬ್ಬನೇ ಹೋದ. ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಬೆಂಚಿನ ಮೇಲೆ ಕುಳಿತವನು ಹಾಗೆಯೇ ವಾಲಿದನಂತೆ. ಒಳಗೆ ಒಯ್ಯುವುದರೊಳಗೆ ಮುಗಿದಿತ್ತು. ಮಧ್ಯಾಹ್ನ ರೇಣುಕಾಳ ಫೋನು ಬಂತು.

"ಮಾಸ್ತರ್ರ, ಹುಬ್ಬಳ್ಳಿಯಿಂದ ಯಾರೋ ಫೋನ್ ಮಾಡಿ ಏನೇನೋ ಹೇಳಾಕತ್ತಾರ್ರಿ. ನೀವು ಅವರ ಕೂಡನ ಅದೀರಲ್ಲ, ಒಂಚೂರು ಅವರ ಕೈಯಾಗ ಫೋನ್ ಕೊಡ್ರಿ."

ಹೊಸ ದಾಳ ತರಲು ಮಾಸ್ತರನ ಜೊತೆ ಹುಬ್ಬಳ್ಳಿಗೆ ಹೋಗುತ್ತೇನೆ ಎಂದು ಅವಳಿಗೆ ಹೇಳಿ ಹೋಗಿದ್ದ. ನಾನು, "ಇಲ್ಲವ್ವಾ, ನಾ ಇಲ್ಲೇ ಅದೀನಿ. ಪೇಪರ್ ತಿದ್ದೂದಿತ್ತು" ಎಂದೆ. ಅವಳು ಫೋನು ಇಟ್ಟಳು. ಆಮೇಲೆ ಒಂದು ದಿನವೂ ಅವಳು ನನಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ವರ್ಷದ ತಿಥಿ ಕಳೆದ ಮೇಲೆ ರೇಣುಕಾ, ಅವನು 'ಘಾಟಿನ ಕೋಟೆ' ಬರೆದಿಟ್ಟಿದ್ದ ನೋಟುಬುಕ್ಕನ್ನು ನನ್ನ ಕೈಗಿಟ್ಟಳು. "ಇದನ್ನ ಪುಸ್ತಕಾ ಮಾಡಸೂನ್ರಿ. ಅವರ ಕಾಗುಣಿತ ನಿಮಗ ಗೊತ್ತೈತೆಲ್ಲ, ನೀವ ತಿದ್ದಿ ಕೊಡ್ರಿ" ಎಂದಳು. ತಿದ್ದಲು ಕುಳಿತೆ. ಗಾಯಗೊಂಡ ಜೊತೆಗಾರನ ಪ್ರಸಂಗ ಬಂತು. ಈರಣ್ಣ ಬರೆದಿದ್ದ: 'ಎರಡು ಬೆರಳು ಹಿಡಿದರೆ: ಜೊತೆಗಾರ ಉಳಿಯುವುದಿಲ್ಲ. ಆದರೆ ಒಬ್ಬನೇ ಹೋಗುವುದಿಲ್ಲ. ಸಿಪಾಯಿಗೆ ಕೋಟೆ ಸಿಗುವುದಿಲ್ಲ.' ಅದರ ಕೆಳಗೆ, 'ಒಂದು ಬೆರಳು ಹಿಡಿದರೆ:' ಎಂದಿತ್ತು. ಮುಂದೆ ಅರ್ಧ ಪುಟ ಖಾಲಿ.

ಆ ಅರ್ಧ ಪುಟವನ್ನು ನಾನು ತುಂಬಿಸಿದೆ. 'ಜೊತೆಗಾರ ನಗುತ್ತ ಕೈಬೀಸುತ್ತಾನೆ. ಹೋಗು, ನನಗೆ ಸಿಟ್ಟಿಲ್ಲ ಎನ್ನುತ್ತಾನೆ' ಎಂದು ಬರೆದೆ. ಯಾರಿಗೂ ಹೇಳಲಿಲ್ಲ. ಸತ್ತವನ ಬಾಯಿಂದ ನನಗೆ ನಾನೇ ಕ್ಷಮೆ ಬರೆದುಕೊಂಡೆ. ರಾಣೆಬೆನ್ನೂರಿನ ಪ್ರೆಸ್ಸಿನಲ್ಲಿ ಅದು ಅವನ ಹೆಸರಿನಲ್ಲೇ ಅಚ್ಚಾಯಿತು.

ಪುಸ್ತಕದ ಕಟ್ಟು ಬಂದ ರವಿವಾರ ಮಕ್ಬೂಲ ರೇಣುಕಾಳಿಗೆ ಹೇಳಿದ: "ವೈನಿ, ಇಂಥಾ ಪುಸ್ತಕಾ ಪೂಜಿ ಮಾಡಿ ಮೂಲ್ಯಾಗ ಇಡೂದಲ್ರಿ. ಆಡಬೇಕು." ಬಹಳ ದಿನದ ಮೇಲೆ ಅದೇ ಜಮಖಾನ ಹಾಸಿದೆವು. ಕಥೆ ಹೇಳಲು ರೇಣುಕಾ ಕುಳಿತಳು. ಟ್ರಂಕಿನಿಂದ ಅವನ ಟವೆಲನ್ನು ತಂದಿಟ್ಟಳು. "ಒಗಿಯಾಕ ಮನಸ್ಸಾಗಿಲ್ರಿ. ಅವರು ಮಡಚಿದ್ದು ಹಂಗ ಐತಿ" ಎಂದಳು. ಮಡಿಕೆಯ ಗೆರೆಗಳಲ್ಲಿ ಮೆಣಸಿನ ಕೆಂಪು ಹಾಗೆಯೇ ಕುಳಿತಿತ್ತು.

ಆಡುತ್ತ ಆಡುತ್ತ ಆ ಪ್ರಸಂಗ ಬಂದೇ ಬಂತು. ಬರುತ್ತದೆಂದು ನನಗೆ ಗೊತ್ತಿತ್ತು, ಎರಡು ಬೆರಳು ಹಿಡಿಯುತ್ತೇನೆಂದು ಮೊದಲೇ ನಿಶ್ಚಯಿಸಿದ್ದೆ. ಕೈ ಮುಂದೆ ಚಾಚಿದೆ. ರೇಣುಕಾ ಟವೆಲ್ ಬಿಚ್ಚಿ ಅದರ ಮೇಲೆ ಹಾಸಿದಳು. ನಾನು ತಲೆ ತಗ್ಗಿಸಿದ್ದೆ. ಟವೆಲಿನ ಕೆಳಗೆ ಒಂದು ಕೈ ಬಂತು. ನಾನು ಎರಡು ಬೆರಳು ಹಿಡಿದೆ.

ಬೆರಳು ಒರಟಾಗಿದ್ದವು. ಇಷ್ಟು ಒರಟೇಕೆ ಎಂದುಕೊಳ್ಳುವುದರೊಳಗೆ, ನನ್ನ ಹಿಡಿತದಿಂದ ಒಂದು ಬೆರಳು ಮೆಲ್ಲಗೆ ಬಿಡಿಸಿಕೊಂಡಿತು. ಒಂದೇ ಉಳಿಯಿತು. ಆಮೇಲೆ ಒಂದು ಹೆಬ್ಬೆರಳು ನನ್ನ ಗಿಣ್ಣಿನ ಮೇಲೆ ಒತ್ತಿತು. ಇನ್ನೊಮ್ಮೆ ಒತ್ತಿತು. ಉಗುರಿನ ಸೀಳು ಚುಚ್ಚಿತು.

ತಲೆಯೆತ್ತಿದೆ. ಹೊಸ ಪುಸ್ತಕದ ಬೈಂಡಿಂಗು ಬಿಗಿ, ಬಿಟ್ಟರೆ ಮುಚ್ಚಿಕೊಳ್ಳುತ್ತಿತ್ತು. ರೇಣುಕಾ ಅದನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಮುಂದಿನ ಪುಟ ಹುಡುಕುತ್ತಿದ್ದಳು. ಮಕ್ಬೂಲ ಆಚೆ ಗೋಡೆಗೊರಗಿ ಬಸಿಯಲ್ಲಿ ಚಹಾ ಊದುತ್ತಿದ್ದ.

"ತಡೀರಿ ಮಾಸ್ತರ್ರ" ಎಂದಳು ರೇಣುಕಾ, ಪುಸ್ತಕದಿಂದ ಕಣ್ಣೆತ್ತದೆ. "ನಾ ಇನ್ನೂ ಕೈ ಹಾಕಿಲ್ಲ."

ಟವೆಲಿನ ಕೆಳಗೆ ನನ್ನ ಕೈ ಖಾಲಿಯಾಗಿತ್ತು. ಕಿತ್ತುಕೊಂಡು ಏಳಬೇಕೆನಿಸಿತು, ಆದರೆ ಹಾಗೆ ಒಮ್ಮೆ ಎದ್ದುಹೋದವನು ನಾನು. ಕುಳಿತೇ ಇದ್ದೆ. ರೇಣುಕಾ ಪುಟದ ನಡುವೆ ದಾಳ ಇಟ್ಟು ಕೈ ಹಾಕಿದಳು. ಮೆತ್ತನೆಯ, ಬೆಚ್ಚನೆಯ ಕೈ. ನಾನು ಎರಡು ಬೆರಳು ಹಿಡಿದೆ. ಅವಳು ಗಟ್ಟಿಯಾಗಿ ಓದಿದಳು: 'ಜೊತೆಗಾರ ಉಳಿಯುವುದಿಲ್ಲ. ಆದರೆ ಒಬ್ಬನೇ ಹೋಗುವುದಿಲ್ಲ.' ಮುಂದಿನ ಸಾಲು ಓದಲು ಅವಳಿಂದಾಗಲಿಲ್ಲ.

ಆಟ ಅಲ್ಲಿಗೇ ನಿಂತಿತು. ರೇಣುಕಾ ಟವೆಲನ್ನು ಬಾಗಿಲಿಗೆ ಒಯ್ದು ಝಾಡಿಸಿದಳು. ಎರಡು ವರ್ಷದ ಖಾರ ಒಮ್ಮೆಲೇ ಎದ್ದು, ಗಾಳಿಗೆ ಒಳಗೇ ಬಂತು. ಮೂವರೂ ಕೆಮ್ಮಿದೆವು, ಸೀನಿದೆವು, ಮೂವರ ಕಣ್ಣಲ್ಲೂ ನೀರು. ಯಾರದು ಘಾಟಿನ ನೀರು, ಯಾರದು ಅಳು ಎಂದು ಯಾರೂ ಕೇಳಲಿಲ್ಲ.

ನಾನು ವಿಜ್ಞಾನದ ಮೇಷ್ಟ್ರು, ವಿವರಣೆಗೆ ಬರವಿಲ್ಲ. ತಪ್ಪಿತಸ್ಥ ಮನಸ್ಸು ಏನನ್ನಾದರೂ ಮುಟ್ಟಿಸುತ್ತದೆ. ಗಿಣ್ಣು ರಾತ್ರಿಯವರೆಗೂ ಉರಿದದ್ದು ಟವೆಲಿನ ಖಾರದಿಂದ. ಇದೆಲ್ಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಎರಡು ಬೆರಳು ಹಿಡಿಯಬೇಕೆಂದು ಕುಳಿತವನ ಕೈಯಿಂದ ಒಂದನ್ನು ಬಿಡಿಸಿಕೊಂಡದ್ದು ಯಾವ ಮನಸ್ಸು? ಒಂದು ಬೆರಳೆಂದರೆ ಬಿಟ್ಟು ಹೋಗುವುದು. 'ನೀನು ಹೋಗು, ನಿನ್ನನ್ನು ಬಿಟ್ಟಿದ್ದೇನೆ' ಎಂದನೋ, 'ಎರಡು ಬೆರಳು ಹಿಡಿಯುವ ಹಕ್ಕು ನಿನಗಿಲ್ಲ, ನೀನು ಬಿಟ್ಟು ಹೋದವನು' ಎಂದನೋ? 'ನನಗೆ ಸಿಟ್ಟಿಲ್ಲ' ಎಂಬುದು ನಾನು ಬರೆದ ಮಾತು. ಅವನು ಆ ಜಾಗವನ್ನು ಖಾಲಿಯೇ ಬಿಟ್ಟಿದ್ದ.

ಮುಂದೆ ಮತ್ತೆ ಅಚ್ಚು ಹಾಕಿಸಿದರೆ ಆ ಅರ್ಧ ಪುಟವನ್ನು ಖಾಲಿಯೇ ಬಿಡಿಸಬೇಕೆಂದಿದ್ದೇನೆ. ರೇಣುಕಾ ಯಾಕೆಂದು ಕೇಳುತ್ತಾಳೆ. ಅದಕ್ಕೇ ಇದನ್ನು ಬರೆದು ಮೊದಲು ಅವಳ ಕೈಗೇ ಕೊಡುತ್ತಿದ್ದೇನೆ. ಇನ್ನೊಂದು ಮಾತು ಉಳಿದಿದೆ, ಅವಳ ಮುಖ ನೋಡಿ ಹೇಳುವ ಧೈರ್ಯ ನನಗೆ ಈ ಎರಡು ವರ್ಷದಲ್ಲಿ ಬರಲಿಲ್ಲ. ಆ ಬುಧವಾರ ನನಗೆ ತಿದ್ದಲು ಯಾವ ಪೇಪರೂ ಇರಲಿಲ್ಲ. ಬಿಸಿಲಿದೆ, ಇಡೀ ದಿನ ಆಸ್ಪತ್ರೆಯಲ್ಲಿ ಕೂಡಬೇಕು ಎಂಬ ಬೇಸರ, ಅಷ್ಟೇ. ಅವಳ ಫೋನು ಬಂದಾಗ ನಾನು ಮನೆಯಲ್ಲಿ ಮಲಗಿದ್ದೆ.