ಅಕ್ಕನ ಬೀರು ಕಾಯುತ್ತಿದ್ದ ಮುಳ್ಳುಗಿಡ

ನನ್ನ ಗಂಡನ ಅಕ್ಕನಿಗೆ ಬೀದಿಯವರು ಇಟ್ಟಿದ್ದ ಹೆಸರು ಪತ್ತೇದಾರಮ್ಮ. ಆಸ್ಪತ್ರೆಯಲ್ಲಿ ಹರಿದ ಹೊದಿಕೆ, ದಿಂಬಿನ ಚೀಲ ಹೊಲಿಯೋ ಕೆಲಸ ಅವರದು. ಹಾಲಿನವನು ಬಂದರೆ ಹಾಲಿಗೆ ಬೆರಳದ್ದಿ ನೋಡುತ್ತಿದ್ದರು. ನೆಂಟರು ನಗುತ್ತಾ ಬಂದರೆ "ಇವರಿಗೇನೋ ಬೇಕಾಗಿದೆ" ಅನ್ನುತ್ತಿದ್ದರು. ಅವರನ್ನೂ ಅನ್ನೋ ಹಾಗಿಲ್ಲ. ಅವರ ಗಂಡನಿಗೆ ಇನ್ನೊಂದು ಸಂಸಾರ ಇರೋದು ಬೀದಿಗೆಲ್ಲ ಗೊತ್ತಾದ ಮೇಲೆ ಕಟ್ಟಕಡೆಗೆ ಇವರಿಗೆ ಗೊತ್ತಾಯಿತಂತೆ.

ನನ್ನ ಯಜಮಾನರು ತೀರಿಕೊಂಡ ಮೇಲೆ ಮಗಳನ್ನು ಎತ್ತಿಕೊಂಡು ಅಕ್ಕನ ಮನೆಗೇ ಹೋದೆ. ಬೇರೆ ದಿಕ್ಕಿರಲಿಲ್ಲ. ಬಾ ಅಂತ ಒಳಗೆ ಕರೆದರು, ಬಟ್ಟೆಗಂಟು ಮಾತ್ರ ಒಂದು ಸಲ ಬಿಚ್ಚಿ ನೋಡಿದರು.

ಅವರ ಬೀರುವಿನ ಮುಂದೆ ಒಂದು ಸ್ಟೂಲು, ಅದರ ಮೇಲೆ ಕುಂಡದಲ್ಲಿ ಮುಳ್ಳುಗಿಡ. ಬೆರಳು ದಪ್ಪದ ಒಂದೇ ಕಾಂಡ, ಮೈಯೆಲ್ಲ ಮುಳ್ಳು, ತುದಿಯಲ್ಲಿ ನಾಲ್ಕು ಎಲೆ, ಎರಡು ಪುಟ್ಟ ಕೆಂಪು ಹೂ. ನೀರು ಹಾಕಿದರೂ ಸರಿ, ಮರೆತರೂ ಸರಿ, ಬದುಕಿಕೊಳ್ಳುತ್ತಿತ್ತು. ಬೀರುವಿನಲ್ಲಿ ಅಕ್ಕನ ಬಳೆ, ಸರ. ಗಿಡ ಸರಿಸದೆ ಬಾಗಿಲು ತೆಗೆಯೋಕಾಗಲ್ಲ. ಹೂವು ಬೀರುವಿನ ಹಿಡಿಯ ಕಡೆಗೇ ಮುಖ ಮಾಡಿರಬೇಕು, ಅದೇ ಅವರ ಮೊಹರು.

ಒಂದು ಸಂಜೆ ಕೆಲಸದಿಂದ ಬಂದವರು ಅದರ ಮುಂದೆ ನಿಂತುಬಿಟ್ಟರು.

"ಹೂ ಕಿಟಕಿ ಕಡೆ ನೋಡ್ತಿದೆ. ಕುಂಡ ಯಾರೇ ತಿರುಗಿಸಿದ್ದು?"

"ನಾನು ಮುಟ್ಟಿಲ್ಲ ಅಕ್ಕ."

"ಮತ್ತೆ, ಗಿಡ ತಾನೇ ಎದ್ದು ಓಡಾಡ್ತಾ?"

ಬೀರು ತೆಗೆದು ತಡಕಾಡಿದರು. "ಎಲ್ಲಾ ಇದೆಯಲ್ಲ ಅಕ್ಕ" ಅಂದೆ.

"ಅದೇ ಕಣೇ ನಂಗೆ ಅನುಮಾನ. ಜಾಣರು ಮೊದಲ ಸಲ ನೋಡ್ಕೊಂಡು ಹೋಗ್ತಾರೆ, ಆಮೇಲೆ ಕೈ ಹಾಕ್ತಾರೆ."

ಕುಂಡ ತಿರುಗಿಸಿಟ್ಟರು. ಕೆಲವು ವಾರ ಕಳೆದು ಹೂ ಮತ್ತೆ ಕಿಟಕಿ ಕಡೆಗೆ. "ಬರೋ ತಿಂಗಳೊಳಗೆ ಬೇರೆ ಕೋಣೆ ನೋಡ್ಕೋ" ಅಂದುಬಿಟ್ಟರು. ಮಗು ಕಟ್ಟಿಕೊಂಡು ಎಲ್ಲಿಗೆ ಹೋಗಲಿ? ನನಗೂ ಒಳಗೊಳಗೇ ಅನುಮಾನ ಹತ್ತಿತು, ನನ್ನನ್ನು ಓಡಿಸೋಕೆ ಇವರೇ ತಿರುಗಿಸ್ತಿದ್ದಾರೋ ಏನೋ ಅಂತ.

"ಹಾಗಿದ್ರೆ ಗುರುತು ಹಾಕಿ" ಅಂದೆ. ಹೂವನ್ನು ಮತ್ತೆ ಹಿಡಿಯ ಕಡೆಗೆ ತಿರುಗಿಸಿಟ್ಟು, ಬಟ್ಟೆಗೆ ಗೆರೆ ಎಳೆಯೋ ಸೀಮೆಸುಣ್ಣದಲ್ಲಿ ಕುಂಡದಿಂದ ಸ್ಟೂಲಿನವರೆಗೆ ಅಕ್ಕನೇ ಗೆರೆ ಎಳೆದರು. ಆಮೇಲೆ ಒಬ್ಬರು ಆ ಕೋಣೆಗೆ ಹೋದರೆ ಇನ್ನೊಬ್ಬರು ಬೆನ್ನ ಹಿಂದೆಯೇ. ತಿಂಗಳು ಮುಗಿಯುತ್ತಾ ಬಂತು. ಗೆರೆ ಕೂದಲೆಳೆಯಷ್ಟೂ ಕದಲಿರಲಿಲ್ಲ. ಹೂ ಮಾತ್ರ ಕಿಟಕಿ ಕಡೆಗೆ!

"ನೋಡಿ ಅಕ್ಕ, ಗಿಡಾನೇ ಬೆಳಕಿಗೆ ಬಾಗಿದೆ."

"ಯಾರ ಕಿವಿಗೆ ಹೂ ಇಡ್ತೀಯ? ಕುಂಡ ಬಿಟ್ಟು ಗಿಡ ಕಿತ್ತು, ತಿರುಗಿಸಿ ನೆಟ್ಟಿದ್ದೀಯ."

ನನಗೆ ಅಳು, ನಗು ಎರಡೂ ಒಟ್ಟಿಗೆ ಬಂತು. "ಹಾಗಾದ್ರೆ ನೀವೇ ಕೀಳಿ ನೋಡೋಣ."

ಹಟಮಾರಿ ಹೆಂಗಸು, ಬುಡಕ್ಕೇ ಕೈ ಹಾಕಿದರು. ಕೂಗಿದ ಕೂಗಿಗೆ ಮಲಗಿದ್ದ ಮಗಳು ಎದ್ದು ಅಳತೊಡಗಿದಳು. ಗಿಡ ಜಪ್ಪಯ್ಯ ಅನ್ನಲಿಲ್ಲ. ಅಂಗೈ ತುಂಬ ಮುಳ್ಳು, ಅದರ ಮೇಲೆ ಗಿಡದ ಬಿಳೀ ಹಾಲು. ನಾನು ನನ್ನ ಎರಡೂ ಕೈ ಚಾಚಿದೆ. ಒಂದು ಗೀರೂ ಇರಲಿಲ್ಲ. ಅಕ್ಕ ನನ್ನ ಕೈ ನೋಡಿದರು, ತಮ್ಮ ಕೈ ನೋಡಿಕೊಂಡರು.

ಕೈ ತೊಳೆಸಿ, ಕಿಟಕಿ ಹತ್ತಿರ ಕೂರಿಸಿ ಸೂಜಿಯಲ್ಲಿ ಮುಳ್ಳು ತೆಗೆಯತೊಡಗಿದೆ.

"ಕೋಣೆ ಗೀಣೆ ಹುಡುಕ್ಬೇಡ" ಅಂದರು, ಗೋಡೆ ನೋಡುತ್ತಾ. "ಮಗು ಇಲ್ಲೇ ಬೆಳೀಲಿ."

ನನ್ನ ಕಣ್ಣು ಮಂಜಾಯಿತು. ಸೂಜಿ ಸ್ವಲ್ಪ ಜಾರಿತು.

"ಅಯ್ಯೋ! ಬೇಕಂತಲೇ ಚುಚ್ಚಿದೆ ತಾನೇ?"