ಕರಿಬಿಳುಪಿನಲ್ಲಿ ಕೆಂಪು ಬಾಳೆ

ಬೆಳಗಿನ ಆರೂ ಮುಕ್ಕಾಲು. ಕಲಬುರಗಿಯ ಮೊದಲ ಬಸ್ಸು ಕಮಲಾಪುರದ ನಿಲ್ದಾಣಕ್ಕೆ ಬಂದು ಉಸ್ಸೆಂದು ನಿಲ್ಲುತ್ತದೆ. ಜನ ಇಳಿದು ಮುಗಿಯುವ ಮೊದಲೇ ಚಾಲಕ ಮಜರ್ ಸೀಟಿನ ಹಿಂದಿನಿಂದ ಟವೆಲ್ಲಿನ ಗಂಟೊಂದನ್ನು ತೆಗೆಯುತ್ತಾರೆ. ಬುತ್ತಿಯಿರಬೇಕು ಎಂದುಕೊಂಡರೆ ಅದು ರೀಲು ಹಾಕುವ ಹಳೇ ಕ್ಯಾಮೆರಾ! ಮರಳಿ ಹೊರಡಲು ಇರುವುದು ಹದಿನೈದು ನಿಮಿಷ. ಚಹಾಕ್ಕೆ ಐದು, ಫೋಟೋಕ್ಕೆ ಹತ್ತು. ಇವತ್ತು ಆ ಹತ್ತೂ ನಿಮಿಷ ಹಾಲಿನ ಕ್ಯಾನು ಇಳಿಸುವವರ ಸುತ್ತ ಸುಳಿದಾಡಿ, ಒಂದು ಸಲವೂ ಗುಂಡಿ ಒತ್ತದೆ ಬಂದು ಸ್ಟೇರಿಂಗ್ ಹಿಡಿಯುತ್ತಾರೆ.

"ಬೆಳಕು ಕೂಡಿ ಬರಲಿಲ್ರಿ. ರೀಲಿನಾಗ ಮೂವತ್ತಾರಽ ಫೋಟೋ ಅವ. ತಿಂಗಳ ಪೂರಾ ಅದರಾಗಽ ನಡಸಬೇಕು" ಎನ್ನುತ್ತಾರೆ.

ಮಜರ್ ಅವರಿಗೆ ಐವತ್ತೊಂದು. ಬಸ್ಸು ಓಡಿಸಲು ಹತ್ತಿ ಇಪ್ಪತ್ತೆರಡು ವರ್ಷ. ದಿನಕ್ಕೆ ಮೂರು ಸಲ ಹೋಗಿ ಬರುವುದೆಂದರೆ ಹತ್ತಿರ ಹತ್ತಿರ ಇನ್ನೂರ ಮೂವತ್ತು ಕಿಲೋಮೀಟರು. ಶರಣಬಸವೇಶ್ವರ ಗುಡಿಯ ಹತ್ತಿರ ಸ್ಟುಡಿಯೋ ಇಟ್ಟಿದ್ದ ಗೆಳೆಯರೊಬ್ಬರು ಅಂಗಡಿ ಮುಚ್ಚುವಾಗ ಕ್ಯಾಮೆರಾ ಮತ್ತು ಚಿತ್ರ ದೊಡ್ಡದು ಮಾಡುವ ಯಂತ್ರವನ್ನು ಇವರ ಕೈಗಿಟ್ಟರಂತೆ. ಅಂದಿನಿಂದ ಹತ್ತಿದ ಹುಚ್ಚು ಇನ್ನೂ ಇಳಿದಿಲ್ಲ.

ಹುಚ್ಚೇನೋ ಸರಿ, ಆದರೆ ಕಲಬುರಗಿಯ ಬಿಸಿಲು ಕೇಳಬೇಕಲ್ಲ! ರೀಲು ತೊಳೆಯಲು ತಣ್ಣೀರು ಬೇಕು. ಇಲ್ಲಿ ಬೇಸಿಗೆಯಲ್ಲಿ ನಲ್ಲಿ ತಿರುವಿದರೆ ಕಾಸಿದ ನೀರೇ ಬರುತ್ತದೆ. ಅದಕ್ಕೆ ರಜೆಯ ದಿನ ನಸುಕಿನಲ್ಲೇ ಎದ್ದು, ಬರ್ಫದ ಗಡ್ಡೆ ಹಿಡಿದುಕೊಂಡು ಬಚ್ಚಲಮನೆ ಸೇರುತ್ತಾರೆ. ಬೋರಿನ ನೀರಿನಲ್ಲಿ ಜಾಲಿಸಿದರೆ ರೀಲಿನ ಮೇಲೆ ಸುಣ್ಣದ ಚುಕ್ಕೆ ಕೂರುತ್ತದೆಂದು ಕುಡಿಯುವ ನೀರಿನ ಕ್ಯಾನು ಕೊಂಡು ತರುತ್ತಾರೆ. ಹೆಂಡತಿ ಲತೀಫಾ ಅವರನ್ನು ಕೇಳಿದರೆ ನಗುತ್ತಲೇ ಹರಿಹಾಯುತ್ತಾರೆ: "ಮನಿಗಿ ಬಂದ ಬೀಗರಿಗಿ ನಲ್ಲಿ ನೀರು, ಇವರ ರೀಲಿಗಿ ಕ್ಯಾನ್ ನೀರು! ಒಳಗ ಹೊಕ್ಕರಂದ್ರ ಎರಡು ತಾಸು ಬಚ್ಚಲಾ ನಮ್ಮದಲ್ಲ."

ಮಜರ್ ಅವರದೊಂದು ನೇಮವಿದೆ. ಯಾರ ಚಿತ್ರ ತೆಗೆದರೂ ಮೊದಲು ಅವರಿಗೇ ತೋರಿಸಬೇಕು. ಅವರು ಬೇಡವೆಂದರೆ ಅದು ಪೆಟ್ಟಿಗೆಯಿಂದ ಹೊರಗೆ ಬರುವಂತಿಲ್ಲ. ಈ ನೇಮವೇ ಕಳೆದ ತಿಂಗಳು ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಿತು. ಚಿತ್ರಕಲಾ ಶಿಕ್ಷಕ ಸುನೀಲಕುಮಾರ ಓಡಾಡಿ, ಕಲಬುರಗಿಯಲ್ಲಿ ಮೂರು ದಿನಕ್ಕೆ ಒಂದು ಸಭಾಂಗಣ ಗೊತ್ತುಮಾಡಿದ್ದರು. ಜನ್ಮದಲ್ಲೇ ಮೊದಲ ಪ್ರದರ್ಶನ. ನಲವತ್ತು ಚಿತ್ರ ಆಯ್ದು, ಬಾಗಿಲ ಎದುರಿನ ಗೋಡೆಗೆ ತುಳಜಾಬಾಯಿಯ ಚಿತ್ರವೇ ಆಗಬೇಕೆಂದು ಪಟ್ಟು ಹಿಡಿದರು. ಪೆಟ್ಟಿಗೆ ಕೆದಕುವಾಗ ಅವರ ಕಣ್ಣಿಗೆ ಬಿದ್ದ ಆ ಒಂದನ್ನೇ ಮಜರ್ ಮೂರು ವರ್ಷದಿಂದ ಹೊರಗೆ ತೆಗೆದಿರಲಿಲ್ಲ.

ತುಳಜಾಬಾಯಿ ಕಮಲಾಪುರದ ಬಸ್ ನಿಲ್ದಾಣದಲ್ಲಿ ಊರಿಗೆ ಹೆಸರು ತಂದ ಕೆಂಪು ಬಾಳೆ ಮಾರುವವರು. ಚಳಿಗಾಲದ ಎಳೆಬಿಸಿಲು, ಎರಡೂ ಬದಿ ಗೊನೆ, ನಡುವೆ ನೆಟ್ಟಗೆ ಕೂತ ಆಕೆ. ಚಿತ್ರ ಚಿತ್ರವೇ! ಆದರೆ ಕರಿಬಿಳುಪಿನ ರೀಲಿನಲ್ಲಿ ಕೆಂಪು ಹಣ್ಣು ಕರ್ರಗೆ ಬಿದ್ದಿತ್ತು. ನೋಡಿದವರೇ ಸಿಡುಕಿದ್ದರು: "ಕೊಳತ ಹಣ್ಣ ಮಾರ್ತೀನಂತ ಊರಿಗೆಲ್ಲ ಸಾರ್ತಿ ಏನೋ ತಮ್ಮಾ?"

ಲೆನ್ಸಿಗೆ ಕೆಂಪು ಗಾಜು ಹಚ್ಚಿದರೆ ಕೆಂಪು ತಿಳಿಯಾಗುತ್ತದೆಂದು ಹಳಬರಿಂದ ಕೇಳಿ ತಿಳಿದು, ಮಜರ್ ಮತ್ತೆ ತೆಗೆದರು. ಈ ಸಲ ಹಣ್ಣು ಬೆಳ್ಳಗೆ ಬಂತು. ಆಕೆ ಇನ್ನೂ ರೇಗಿದರು: "ಇವು ಯಾರ ಬಾಳಿ? ನಾ ಯಾವತ್ತಾರ ಏಲಕ್ಕಿ ಬಾಳಿ ಮಾರೀನೇನು?" ಆಮೇಲೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಸುಮ್ಮ ಹಾಕಿಬಿಡ್ರಿ, ಕಮಲಾಪುರದಿಂದ ಯಾರು ನೋಡಾಕ ಬರ್ತಾರ?" ಎಂದರು ಸುನೀಲಕುಮಾರ. ಮಜರ್ ಬೇಡವೆಂದು ತಲೆಯಾಡಿಸಿದರು. "ದಿನಾ ಮೂರು ಸಲ ಆಕಿ ಮುಂದಽ ಗಾಡಿ ನಿಲ್ಲಸ್ತೀನ್ರಿ. ಯಾವ ಮಾರಿ ಹೊತ್ತು ಇಳೀಲಿ?" ಎದುರಿನ ಗೋಡೆ ಬೋಳಾಗಿಯೇ ಉಳಿಯಿತು.

ಅದನ್ನೇ ಮರುದಿನ ಬೆಳಿಗ್ಗೆ ಮಜರ್ ತುಳಜಾಬಾಯಿಗೆ ಹೇಳಿದರು. ಹಣ್ಣು ಒರೆಸುತ್ತಿದ್ದ ಆಕೆಯ ಕೈ ನಿಂತಿತು.

"ನನಗ ಹೇಳದಽ ಹಾಕಬಹುದಿತ್ತಲ್ಲೋ?"

"ಹಾಕಬಹುದಿತ್ತು, ಮಾವಶಿ."

ಕೈಯಲ್ಲಿದ್ದ ಹಣ್ಣನ್ನು ಗೊನೆಯ ಪಕ್ಕ ಇಟ್ಟು ಆಕೆ, "ಕರ್ರಂದಽ ಹಾಕು. ಖರೆ, ಬಾಜೂಕ ನನ್ನ ಗೊನಿ ತೂಗಹಾಕಬೇಕು. ನಾನೂ ಬರ್ತೀನಿ" ಎಂದರು.

ಬಂದೇ ಬಂದರು. ಇಳಕಲ್ ಸೀರೆ ಉಟ್ಟು, ಗೊನೆಯನ್ನು ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದರು. ಕಾಲೇಜಿನ ಹುಡುಗಿಯೊಬ್ಬಳು ಚಿತ್ರ ನೋಡಿ, "ಅಜ್ಜಿ, ಹಣ್ಣು ಕೆಟ್ಟಾವೇನ್ರಿ?" ಎಂದದ್ದೇ ತಡ, ಪಕ್ಕದ ಗೊನೆಯಿಂದ ಒಂದು ಕಿತ್ತು ಕೊಟ್ಟರು: "ತಿಂದು ಹೇಳವಾ." ಹುಡುಗಿ ತಿಂದಳು, ನಕ್ಕಳು, ಇನ್ನೊಂದು ಕೇಳಿದಳು. ಸಂಜೆಯೊಳಗೆ ಗೊನೆಯಲ್ಲಿ ದಿಂಡೊಂದೇ ಉಳಿದಿತ್ತು. ಜನ ಕರಗಿದ ಮೇಲೆ ತುಳಜಾಬಾಯಿ ತಮ್ಮ ಚಿತ್ರದ ಮುಂದೆ ಹೋಗಿ ನಿಂತರು. ಈ ಸಲ ಹಣ್ಣಿನ ಕಡೆ ನೋಡಲಿಲ್ಲ. "ನಾ ದಿನಾ ಹಿಂಗ ಕೂಡ್ತೀನೇನೋ? ಗೌಡಸಾನಿ ಹಂಗ ಕಾಣ್ತೀನಲ್ಲೋ!" ಎಂದು ಸೆರಗಿನಿಂದ ಕಣ್ಣೊತ್ತಿಕೊಂಡರು.

ಇನ್ನೇನು ಆಸೆ ಎಂದು ಕೇಳಿದರೆ, ಮಜರ್ ಅವರಿಗೆ ದೊಡ್ಡ ಊರಿನ ಗ್ಯಾಲರಿ ಬೇಡವಂತೆ. ಚಿತ್ರಗಳನ್ನು ಒಂದು ದಿನ ಕಮಲಾಪುರದ ನಿಲ್ದಾಣದಲ್ಲೇ ಹಗ್ಗ ಕಟ್ಟಿ ತೂಗುಹಾಕಬೇಕಂತೆ.

"ಸಿಟಿಯವರು ಕೈ ಹಿಂದ ಕಟ್ಕೊಂಡು ನೋಡ್ತಾರ. ಅಲ್ಲಿಯವರು ಬೊಟ್ಟು ಇಟ್ಟು, ಇಂವ ನಮ್ಮಾಂವ ಅಂತಾರ" ಎನ್ನುತ್ತಾ ಮಜರ್ ಗಾಡಿ ಚಾಲೂ ಮಾಡುತ್ತಾರೆ. "ಅಲ್ಲಿ ಗೊನಿ ತೂಗಹಾಕೋ ಗರಜನೂ ಇಲ್ರಿ. ಎಷ್ಟು ಕರ್ರಗ ಕಂಡ್ರೂ ಅದು ಕೆಂಪು ಅಂತ ಕಮಲಾಪುರದವರಿಗಿ ಗೊತ್ತದ."